ದೂರು ಬರೆದುಕೊಳ್ಳುವವರು ಯಾರು? ರೋಸ್‌ಮರಿ ಬ್ರೌನ್ ಅವರ ರಾಜಕೀಯ ಬದುಕು

ಸ್ನೇಹಿತರೆ,

ಮನೆ ಬಾಡಿಗೆಗಿದೆ ಎಂಬ ಜಾಹೀರಾತು ನೋಡಿ ಫೋನ್ ಮಾಡುತ್ತೀರಿ. ಇದೆ, ಬಂದು ನೋಡಿ ಅನ್ನುತ್ತಾರೆ. ಹೋಗಿ ಬಾಗಿಲು ತಟ್ಟಿದರೆ ನಿಮ್ಮ ಮುಖ ನೋಡಿ, ‘ಅಯ್ಯೋ, ಈಗಷ್ಟೇ ಬೇರೆಯವರಿಗೆ ಕೊಟ್ಟುಬಿಟ್ಟೆವು’ ಅನ್ನುತ್ತಾರೆ. 1950ರ ದಶಕದ ವ್ಯಾಂಕೂವರ್ ನಗರದಲ್ಲಿ ಕಪ್ಪುಜನರಿಗೆ ಇದು ಮಾಮೂಲಿ ಅನುಭವ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿ ಸೋತ ಎಷ್ಟೋ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆಮೇಲೆ ಎಲ್ಲಿಗೆ ಹೋಗುವುದು? ದೂರನ್ನು ಯಾರು ಬರೆದುಕೊಳ್ಳುತ್ತಾರೆ, ಯಾರು ಆ ಮನೆ ಮಾಲೀಕರನ್ನು ಕರೆದು ಕೇಳುತ್ತಾರೆ, ವಕೀಲರ ಫೀಸು ಯಾರ ಜೇಬಿನಿಂದ ಹೋಗುತ್ತದೆ, ತಪ್ಪು ಸಾಬೀತಾದರೆ ಎಷ್ಟು ಹಣ ಸಿಗುತ್ತದೆ?

ಇವತ್ತು ನಾನು ಹೇಳಹೊರಟಿರುವ ರೋಸ್‌ಮರಿ ಬ್ರೌನ್ ಅವರ ರಾಜಕೀಯ ಬದುಕನ್ನು ಈ ನಾಲ್ಕು ಪ್ರಶ್ನೆಗಳ ಮೂಲಕವೇ ನೋಡಬೇಕು ಎಂಬುದು ನನ್ನ ವಾದ. ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ಮೊದಲಿಗರು’ ಎಂಬ ಪದದಲ್ಲೇ ನಿಂತುಬಿಡುತ್ತಾರೆ. ಕೆನಡಾದ ಪ್ರಾಂತೀಯ ಶಾಸನಸಭೆಯೊಂದಕ್ಕೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಅವರು, ನಿಜ. ಅಂಚೆಚೀಟಿಗೆ ಅಷ್ಟು ಸಾಕು. 2009ರಲ್ಲಿ ಕೆನಡಾ ಅಂಚೆ ಇಲಾಖೆ ಅವರ ಅಂಚೆಚೀಟಿ ತಂದಿದೆ ಕೂಡ. ನನಗೆ ಮುಖ್ಯವೆನಿಸುವುದು ಬೇರೆ. ದೂರು ಕೇಳುವ ಸಹಾಯಕಿ, ಆಡಳಿತ ಪಕ್ಷದ ಹಿಂದಿನ ಸಾಲಿನ (ಅಂದರೆ ಮಂತ್ರಿಯಲ್ಲದ) ಶಾಸಕಿ, ವಿರೋಧ ಪಕ್ಷದ ಶಾಸಕಿ, ಕೊನೆಗೆ ಮಾನವ ಹಕ್ಕು ಆಯೋಗದ ಮುಖ್ಯಸ್ಥೆ, ಹೀಗೆ ಒಂದೇ ಯಂತ್ರದ ನಾಲ್ಕೂ ಬದಿಯಲ್ಲಿ ನಿಂತು ನೋಡಿದವರು ತೀರಾ ಕಡಿಮೆ.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. ಹುಟ್ಟಿದ್ದು 1930ರ ಜೂನ್ 17ರಂದು, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. 1951ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಓದಲು ಬಂದರು. ಹಾಸ್ಟೆಲ್ಲಿನಲ್ಲಿ ಇವರ ಜೊತೆ ಕೋಣೆ ಹಂಚಿಕೊಳ್ಳಲು ಯಾರೂ ಒಪ್ಪದೆ ಒಬ್ಬರೇ ಇರಬೇಕಾಯಿತು. 1955ರಲ್ಲಿ ಮದುವೆಯಾಗಿ ಪಶ್ಚಿಮ ಕರಾವಳಿಯ ವ್ಯಾಂಕೂವರ್‌ಗೆ ಬಂದರು. ಮರುವರ್ಷವೇ ಅಲ್ಲಿನ ಕಪ್ಪುಜನರ ಏಳಿಗೆಗಾಗಿ ಒಂದು ಸಂಘ ಕಟ್ಟುವುದರಲ್ಲಿ ಕೈಜೋಡಿಸಿದರು. ಮನೆ ಮತ್ತು ಕೆಲಸ, ಎರಡರಲ್ಲೂ ತಾರತಮ್ಯ ತಡೆಯುವ ಕಾನೂನು ಬೇಕೆಂಬುದು ಅವರ ಬೇಡಿಕೆ. ಆಮೇಲೆ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದಿ ಸ್ನಾತಕೋತ್ತರ ಪದವಿ ಪಡೆದರು.

ವ್ಯಾಂಕೂವರ್ ಇರುವ ಆ ಪ್ರಾಂತ್ಯದ ಚರಿತ್ರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬ್ರಿಟಿಷ್ ಕೊಲಂಬಿಯಾದಲ್ಲಿ ಭಾರತದಿಂದ ಹೋದವರ ಮತದಾನದ ಹಕ್ಕನ್ನು 1907ರಲ್ಲಿ ಕಿತ್ತುಕೊಂಡರು. ವಾಪಸು ಕೊಟ್ಟದ್ದು 1947ರಲ್ಲಿ. ಚೀನೀಯರಿಗೂ ಅದೇ ವರ್ಷ, ಜಪಾನೀಯರಿಗೆ 1949ರಲ್ಲಿ. 1914ರಲ್ಲಿ ಭಾರತೀಯರನ್ನು ಹೊತ್ತು ಬಂದ ಕೊಮಗಾಟ ಮಾರು ಹಡಗನ್ನು ತಡೆದು ನಿಲ್ಲಿಸಿದ್ದು ಇದೇ ವ್ಯಾಂಕೂವರ್ ಬಂದರಿನಲ್ಲಿ. ಅಂದರೆ ಬ್ರೌನ್ ಅಲ್ಲಿಗೆ ಬಂದಾಗ ಏಷ್ಯಾ ಮೂಲದವರು ಮತ್ತೆ ಮತ ಹಾಕಲು ಶುರುಮಾಡಿ ಹತ್ತು ವರ್ಷವೂ ಆಗಿರಲಿಲ್ಲ.

1970ರ ಡಿಸೆಂಬರಿನಲ್ಲಿ ಕೆನಡಾದ ಮಹಿಳೆಯರ ಸ್ಥಾನಮಾನ ಕುರಿತ ರಾಯಲ್ ಆಯೋಗ ತನ್ನ ವರದಿ ಕೊಟ್ಟಿತು. ಅದರಲ್ಲಿ 167 ಶಿಫಾರಸುಗಳು. ಶಿಫಾರಸುಗಳನ್ನು ಯಾರಾದರೂ ಬೆನ್ನು ಹತ್ತದಿದ್ದರೆ ಅವು ಕಪಾಟು ಸೇರುತ್ತವೆ ಎಂದು ಗೊತ್ತಿದ್ದ ಹೆಂಗಸರು ಊರೂರಲ್ಲಿ ಸಂಘಟನೆ ಕಟ್ಟಿದರು. ವ್ಯಾಂಕೂವರ್‌ನ ಸಂಘಟನೆಯಲ್ಲಿ ಬ್ರೌನ್ ಸ್ಥಾಪಕ ಸದಸ್ಯೆ, ಜೊತೆಗೆ ದೂರು ಕೇಳುವ ‘ಆಂಬುಡ್ಸ್‌ವುಮನ್’. ಹೆಸರು ದೊಡ್ಡದು, ಅಧಿಕಾರ ಸೊನ್ನೆ. ಇಂಥ ಕಡೆ ಬರುವ ದೂರುಗಳೆಂದರೆ ಗಂಡನ ಸಹಿ ಇಲ್ಲದೆ ಸಾಲ ಸಿಗದವರು, ಒಂದೇ ಕೆಲಸಕ್ಕೆ ಕಡಿಮೆ ಸಂಬಳ ಪಡೆಯುವವರು, ಬಸುರಿ ಎಂದು ಗೊತ್ತಾದೊಡನೆ ಮನೆಗೆ ಕಳಿಸಲ್ಪಟ್ಟವರು. ಕೇಳಬಹುದು, ಪತ್ರ ಬರೆಯಬಹುದು, ಫೋನ್ ಮಾಡಬಹುದು. ಆ ಕಡೆಯವರು ‘ಆಗುವುದಿಲ್ಲ’ ಅಂದರೆ ಅಲ್ಲಿಗೆ ಮುಗಿಯಿತು. ಶಾಸನಸಭೆಯ ಹಾದಿ ಹಿಡಿಯಲು ಇಷ್ಟು ಕಾರಣ ಸಾಕು.

1972ರ ಆಗಸ್ಟ್ 30ರ ಚುನಾವಣೆ. ಇಪ್ಪತ್ತು ವರ್ಷ ಆಳಿದ್ದ ಸೋಷಿಯಲ್ ಕ್ರೆಡಿಟ್ ಪಕ್ಷವನ್ನು ನ್ಯೂ ಡೆಮಾಕ್ರಟಿಕ್ ಪಕ್ಷ, ಅಂದರೆ ಎನ್‌ಡಿಪಿ, ಮಣ್ಣುಮುಕ್ಕಿಸಿತು. 55 ಸ್ಥಾನಗಳಲ್ಲಿ 38 ಅದರ ಪಾಲಾದವು. ಬ್ರೌನ್ ಗೆದ್ದದ್ದು ವ್ಯಾಂಕೂವರ್-ಬರಾರ್ಡ್ ಕ್ಷೇತ್ರದಿಂದ. ಅದು ದ್ವಿಸದಸ್ಯ ಕ್ಷೇತ್ರ. ನಮ್ಮಲ್ಲೂ 1952 ಮತ್ತು 1957ರ ಚುನಾವಣೆಗಳಲ್ಲಿ ಇಂಥವು ಇದ್ದವು ಎಂದು ಹಿರಿಯರಿಗೆ ನೆನಪಿರಬಹುದು. ಆದರೆ ನಮ್ಮಲ್ಲಿ ಎರಡರಲ್ಲೊಂದು ಸ್ಥಾನ ಮೀಸಲು. ಅಲ್ಲಿ ಮೀಸಲಾತಿಯ ಮಾತೇ ಇಲ್ಲ. ಒಬ್ಬ ಮತದಾರರಿಗೆ ಎರಡು ಮತ, ಅತಿ ಹೆಚ್ಚು ಮತ ಪಡೆದ ಇಬ್ಬರಿಗೆ ಗೆಲುವು. ಬ್ರೌನ್ ಜೊತೆ ಅದೇ ಕ್ಷೇತ್ರದಿಂದ ಅದೇ ಪಕ್ಷದ ಎಮರಿ ಬಾರ್ನ್ಸ್ ಗೆದ್ದರು. ಅವರೂ ಕಪ್ಪುಜನಾಂಗದವರು, 1994ರಲ್ಲಿ ಸಭಾಧ್ಯಕ್ಷರಾದರು.

ಇಲ್ಲಿ ಎಡವದೆ ಲೆಕ್ಕ ಹಾಕಬೇಕು. ‘ಕಪ್ಪುಜನರ ಮತಬ್ಯಾಂಕು ಇತ್ತು, ಇಬ್ಬರೂ ಗೆದ್ದರು’ ಎಂದು ದೂರದಿಂದ ಅನ್ನಿಸಬಹುದು. ವ್ಯಾಂಕೂವರ್‌ನಲ್ಲಿ ಅಂಥ ಮತಬ್ಯಾಂಕು ಇರಲೇ ಇಲ್ಲ. ಕಪ್ಪುಜನರ ಸಂಖ್ಯೆಯೇ ಕಡಿಮೆ. ಅವರು ಒಟ್ಟಾಗಿ ಬಾಳುತ್ತಿದ್ದ ಒಂದೇ ಒಂದು ಕೇರಿ, ಹೋಗನ್ಸ್ ಆಲಿ, ಜಾರ್ಜಿಯಾ ಮೇಲ್ಸೇತುವೆಗಾಗಿ 1970ರ ಆಸುಪಾಸಿನಲ್ಲಿ ನೆಲಸಮವಾಗಿತ್ತು. ಗೆಲ್ಲಿಸಿದ್ದು ಪಕ್ಷದ ಅಲೆ, ಎರಡು ಮತವನ್ನೂ ಒಂದೇ ಪಕ್ಷಕ್ಕೆ ಹಾಕುವ ಅಭ್ಯಾಸ, ಮತ್ತು ಮನೆಮನೆ ತಿರುಗಿದ ಮಹಿಳಾ ಸಂಘಟನೆಗಳ ಕಾರ್ಯಕರ್ತೆಯರು. ಹಾಗಾಗಿ ಅವರು ಸದನದಲ್ಲಿ ಉತ್ತರ ಹೇಳಬೇಕಾಗಿದ್ದದ್ದು ಬಹುಪಾಲು ಬಿಳಿಯರೇ ಇದ್ದ ಮತದಾರರಿಗೆ. ಆ ಮತದಾರರು 1975ರಲ್ಲಿ ಪಕ್ಷ ಸೋತು ಸುಣ್ಣವಾದಾಗಲೂ ಇಬ್ಬರನ್ನೂ ಕೈಬಿಡಲಿಲ್ಲ.

ಮುಖ್ಯಮಂತ್ರಿಗೆ ಸಮನಾದ ಪ್ರೀಮಿಯರ್ ಸ್ಥಾನಕ್ಕೆ ಬಂದ ಡೇವ್ ಬ್ಯಾರೆಟ್ ಬಹಳ ಚುರುಕಿನ ಮನುಷ್ಯ. 39 ತಿಂಗಳಲ್ಲಿ 367 ಮಸೂದೆಗಳು ಅಂಗೀಕಾರವಾದವು ಎಂಬುದು ಆ ಸರ್ಕಾರದ ಬಗ್ಗೆ ಎಲ್ಲರೂ ಹೇಳುವ ಲೆಕ್ಕ. ಆದರೆ ಬ್ರೌನ್ ಅವರಿಗೆ ಮಂತ್ರಿಗಿರಿ ಕೊಡಲಿಲ್ಲ. ಮಹಿಳೆಯರಿಗಾಗಿ ಪ್ರತ್ಯೇಕ ಸಚಿವಾಲಯ ಬೇಕೆಂದು ಬ್ರೌನ್ ಮತ್ತು ಪಕ್ಷದ ಮಹಿಳೆಯರು ಪಟ್ಟುಹಿಡಿದರು. ಅದಕ್ಕೂ ಬ್ಯಾರೆಟ್ ಒಪ್ಪಲಿಲ್ಲ.

ಹಿಂದಿನ ಸಾಲಿನ ಶಾಸಕಿಗೆ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸುತ್ತೇನೆ. ವೆಸ್ಟ್‌ಮಿನ್‌ಸ್ಟರ್ ಪದ್ಧತಿಯಲ್ಲಿ, ನಮ್ಮಲ್ಲಿ ಇರುವ ಹಾಗೆಯೇ, ಬೊಕ್ಕಸದಿಂದ ಹಣ ಖರ್ಚಾಗುವ ಮಸೂದೆಯನ್ನು ಸರ್ಕಾರ ಮಾತ್ರ ತರಬಹುದು. ‘ತಾರತಮ್ಯ ಮಾಡಬಾರದು’ ಎಂದು ಖಾಸಗಿ ಸದಸ್ಯರ ಮಸೂದೆಯಲ್ಲಿ ಬರೆಯಬಹುದು. ‘ಅದನ್ನು ವಿಚಾರಿಸಲು ಹತ್ತು ಅಧಿಕಾರಿಗಳನ್ನು ನೇಮಿಸಿ’ ಎಂದು ಬರೆಯುವಂತಿಲ್ಲ. ಹಕ್ಕುಗಳ ಕಾನೂನಿನಲ್ಲಿ ಅಸಲಿ ಜೀವ ಇರುವುದು ಆ ಎರಡನೆಯ ವಾಕ್ಯದಲ್ಲಿ. ಹಾಗಾಗಿ ಬ್ರೌನ್ ಎರಡು ಕಡೆಯಿಂದ ಕೆಲಸ ಮಾಡಿದರು. ಪಕ್ಷದ ಶಾಸಕರ ಒಳಸಭೆಯಲ್ಲಿ ಮಂತ್ರಿಗಳ ಮೇಲೆ ಒತ್ತಡ; ಹೊರಗೆ, ತಮ್ಮದೇ ಸರ್ಕಾರದ ವಿರುದ್ಧ ಎನ್ನುವಷ್ಟು ಖಾರವಾದ ಮಾತು. ಲಿಂಗ ಮತ್ತು ವೈವಾಹಿಕ ಸ್ಥಿತಿಯ ಆಧಾರದ ತಾರತಮ್ಯವನ್ನು ನಿಷೇಧಿಸಲು ಹೋರಾಡಿದರು. ಶಾಲೆಯ ಪಠ್ಯಪುಸ್ತಕಗಳಲ್ಲಿ ಅಮ್ಮ ಅಡುಗೆಮನೆಯಲ್ಲಿ, ಅಪ್ಪ ಕಚೇರಿಯಲ್ಲಿ ಎಂಬಂಥ ಚಿತ್ರಣಗಳನ್ನು ತೆಗೆದುಹಾಕಲು ಸಮಿತಿಯಾಗುವ ಹಾಗೆ ಮಾಡಿದರು.

ಇನ್ನು ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. 1973ರ ಬ್ರಿಟಿಷ್ ಕೊಲಂಬಿಯಾ ಮಾನವ ಹಕ್ಕು ಸಂಹಿತೆ. ಮಂಡಿಸಿದ್ದು ಕಾರ್ಮಿಕ ಸಚಿವ ಬಿಲ್ ಕಿಂಗ್. ಆಗಿನ ಕೆನಡಾದಲ್ಲಿ ಇದರಷ್ಟು ಗಟ್ಟಿ ಕಾನೂನು ಬೇರೊಂದಿರಲಿಲ್ಲ. ಅದರ ಗುಟ್ಟು ಎರಡು ಪದಗಳಲ್ಲಿತ್ತು: ‘ಸಮಂಜಸ ಕಾರಣ’.

ಬೇರೆ ಪ್ರಾಂತ್ಯಗಳ ಕಾನೂನುಗಳಲ್ಲಿ ಒಂದು ಪಟ್ಟಿ ಇರುತ್ತಿತ್ತು: ಜನಾಂಗ, ಬಣ್ಣ, ಧರ್ಮ, ಹುಟ್ಟಿದ ಸ್ಥಳ ಇತ್ಯಾದಿ. ನಿಮಗಾದ ಅನ್ಯಾಯ ಆ ಪಟ್ಟಿಯೊಳಗೆ ಬಿದ್ದರೆ ದೂರು, ಇಲ್ಲದಿದ್ದರೆ ಮನೆಗೆ. 1973ರ ಸಂಹಿತೆ ಸಾರ್ವಜನಿಕ ಸೇವೆ ಮತ್ತು ಉದ್ಯೋಗದ ಕಲಮುಗಳಲ್ಲಿ ಇದನ್ನು ತಿರುಗುಮುರುಗು ಮಾಡಿತು. ಸಮಂಜಸ ಕಾರಣವಿಲ್ಲದೆ ಯಾರಿಗೂ ಸೇವೆ ನಿರಾಕರಿಸುವಂತಿಲ್ಲ, ಕೆಲಸದಲ್ಲಿ ತಾರತಮ್ಯ ಮಾಡುವಂತಿಲ್ಲ ಎಂದಿತು. ಜನಾಂಗ, ಧರ್ಮ, ಬಣ್ಣ ಇವು ಎಂದೂ ಸಮಂಜಸ ಕಾರಣವಾಗಲಾರವು ಎಂದು ಆಮೇಲೆ ಸೇರಿಸಿತು. ಪಟ್ಟಿ ಅಲ್ಲೂ ಇತ್ತು, ಆದರೆ ಅದು ಬೇಲಿಯ ಕೆಲಸ ಮಾಡಲಿಲ್ಲ. ಪಟ್ಟಿಯ ಹೊರಗಿನ ಮನುಷ್ಯರೂ ಬಂದು, ‘ನನ್ನನ್ನು ಹೊರಗಿಟ್ಟದ್ದಕ್ಕೆ ಕಾರಣ ಏನು?’ ಎಂದು ಕೇಳಬಹುದಿತ್ತು. ಕಾರಣ ಕೊಡುವ ಹೊಣೆ ಎದುರಾಳಿಯ ತಲೆಗೆ ಬಂತು.

ದೂರಿನ ಹಾದಿ ಹೀಗಿತ್ತು. ದೂರು ಹೋಗುವುದು ಮಾನವ ಹಕ್ಕು ವಿಭಾಗದ ನಿರ್ದೇಶಕರಿಗೆ. ಮೊದಲ ನಿರ್ದೇಶಕಿ ಕ್ಯಾಥ್ಲೀನ್ ರಫ್. ಸಂಬಳಕ್ಕಿರುವ ಅಧಿಕಾರಿಗಳು ಸ್ಥಳಕ್ಕೆ ಹೋಗಿ ತನಿಖೆ ಮಾಡುತ್ತಾರೆ, ಕಡತ ನೋಡುತ್ತಾರೆ, ಎರಡೂ ಕಡೆಯವರನ್ನು ಕೂರಿಸಿ ರಾಜಿಗೆ ಯತ್ನಿಸುತ್ತಾರೆ. ಹೆಚ್ಚಿನವು ಇಲ್ಲೇ ಬಗೆಹರಿಯಬೇಕೆಂಬುದು ಲೆಕ್ಕಾಚಾರ. ಬಗೆಹರಿಯದಿದ್ದರೆ ನಿರ್ದೇಶಕರು ಕಾರ್ಮಿಕ ಸಚಿವರಿಗೆ ವರದಿ ಕೊಡುತ್ತಾರೆ. ಸಚಿವರು ಅದನ್ನು ವಿಚಾರಣಾ ಮಂಡಳಿಗೆ ಒಪ್ಪಿಸಬಹುದು. ಮಂಡಳಿ ಸಾಕ್ಷಿ ಕೇಳಿ ಆದೇಶ ಹೊರಡಿಸುತ್ತದೆ. ಕಳೆದುಕೊಂಡ ಸಂಬಳ ಕೊಡಿಸಬಹುದು; ಬೇಕೆಂದೇ ಅವಮಾನ ಮಾಡಿದ್ದರೆ 5,000 ಡಾಲರ್‌ವರೆಗೆ ಹೆಚ್ಚುವರಿ ಪರಿಹಾರ.

ಈ ಹಾದಿಯಲ್ಲಿ ‘ಒಪ್ಪಿಸಬಹುದು’ ಎಂಬ ಪದವನ್ನು ಗಮನಿಸಿ. ಒಪ್ಪಿಸಲೇಬೇಕು ಎಂದಿಲ್ಲ. ಕೀಲಿಕೈ ಸಚಿವರ ಜೇಬಿನಲ್ಲಿ. ತಮ್ಮದೇ ಪಕ್ಷದ ಸಚಿವರು ಕೂತಿರುವಾಗ ಇದು ದೋಷ ಎಂದು ಯಾರಿಗೂ ಅನ್ನಿಸುವುದಿಲ್ಲ. ಸರ್ಕಾರ ಬದಲಾದ ಮರುದಿನ ಅನ್ನಿಸುತ್ತದೆ.

ಸಂಹಿತೆ ಹೇಗೆ ಕೆಲಸ ಮಾಡಿತು ಎಂಬುದಕ್ಕೆ ಒಂದು ಗಣಿಯ ಪ್ರಕರಣ. ಗಣಿ ಕಂಪನಿ ತನ್ನ ಗಂಡಸು ನೌಕರರಿಗೆ ಕ್ಯಾಂಪಿನಲ್ಲಿ ವಸತಿ ಕೊಡುತ್ತಿತ್ತು. ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳೊಬ್ಬಳಿಗೆ ಕೊಡಲಿಲ್ಲ. ದೂರು ಹೋಯಿತು. ಆಗ ಕಂಪನಿ ಏನು ಮಾಡಿತು ಗೊತ್ತೇ? ‘ಸರಿ, ಸಮಾನತೆ ತಾನೇ ಬೇಕು, ಬನ್ನಿ’ ಎಂದು ಗಂಡಸರ ಬ್ಯಾರಕ್ಕಿನಲ್ಲೇ, ಅವರದೇ ಬಚ್ಚಲು ಬಳಸುವ ಷರತ್ತಿನ ಮೇಲೆ ಜಾಗ ತೋರಿಸಿತು. ಎಲ್ಲರಿಗೂ ಒಂದೇ ನಿಯಮ, ತಾರತಮ್ಯ ಎಲ್ಲಿ ಬಂತು ಎಂಬುದು ಅದರ ವಾದ. 1975ರಲ್ಲಿ ವಿಚಾರಣಾ ಮಂಡಳಿ ಈ ಜಾಣತನವನ್ನು ಒಪ್ಪಲಿಲ್ಲ. ಒಂದೇ ಥರ ನಡೆಸಿಕೊಂಡರೂ ಅದರ ಪೆಟ್ಟು ಒಬ್ಬರಿಗೇ ಬೀಳುವುದಾದರೆ ಅದೂ ತಾರತಮ್ಯವೇ ಎಂದಿತು. ಕೆನಡಾದ ಸುಪ್ರೀಂ ಕೋರ್ಟ್ ಈ ತತ್ವವನ್ನು ಗಟ್ಟಿಮಾಡಿ ಹೇಳಲು 1985ರವರೆಗೆ ಕಾಯಬೇಕಾಯಿತು.

ಬಸುರಿಯರ ವಿಷಯವೂ ಹಾಗೆ. ಗರ್ಭ ಎಂಬುದು ಯಾವ ಪಟ್ಟಿಯಲ್ಲೂ ಇರಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟ್, ಒಕ್ಕೂಟ ಸರ್ಕಾರದ ನಿರುದ್ಯೋಗ ವಿಮೆಯ ಪ್ರಕರಣವೊಂದರಲ್ಲಿ, ಬಸುರಿಯೆಂಬ ಕಾರಣಕ್ಕೆ ಭತ್ಯೆ ನಿರಾಕರಿಸಿದರೆ ಅದು ಲಿಂಗ ತಾರತಮ್ಯವಲ್ಲ ಎಂದುಬಿಟ್ಟಿತು. ಆ ಮಾತನ್ನು ಅದೇ ಕೋರ್ಟು ನುಂಗಿಕೊಂಡದ್ದು 1989ರಲ್ಲಿ. ‘ಸಮಂಜಸ ಕಾರಣ’ದ ಕಾನೂನಿನಲ್ಲಿ ಈ ಕಸರತ್ತು ಬೇಕಿರಲಿಲ್ಲ. ಬಸುರಿಯನ್ನು ಕೆಲಸದಿಂದ ತೆಗೆದದ್ದು ಲಿಂಗ ತಾರತಮ್ಯವೋ ಅಲ್ಲವೋ ಎಂಬ ಚರ್ಚೆ ಬಿಟ್ಟು, ತೆಗೆಯಲು ಕಾರಣವಿತ್ತೇ ಎಂದು ನೇರವಾಗಿ ಕೇಳಬಹುದಿತ್ತು.

ಸೋತದ್ದೂ ಉಂಟು. 1974ರಲ್ಲಿ ಸಲಿಂಗಿಗಳ ಸಂಘಟನೆಯೊಂದು ತನ್ನ ಪತ್ರಿಕೆಗೆ ಚಂದಾದಾರರಾಗಿ, ಆರು ಸಂಚಿಕೆಗೆ ಒಂದು ಡಾಲರ್ ಎಂಬ ಪುಟ್ಟ ಜಾಹೀರಾತನ್ನು ವ್ಯಾಂಕೂವರ್ ಸನ್ ಪತ್ರಿಕೆಗೆ ಕಳಿಸಿತು. ಪತ್ರಿಕೆ ಹಾಕಲಿಲ್ಲ. ಲೈಂಗಿಕ ಒಲವು ಆಗ ಕೆನಡಾದ ಬಹುತೇಕ ಯಾವ ಪಟ್ಟಿಯಲ್ಲೂ ಇಲ್ಲ. ಆದರೂ ಇಲ್ಲಿ ದೂರು ದಾಖಲಾಯಿತು, ಮಂಡಳಿಯಲ್ಲಿ ಗೆದ್ದಿತು. 1979ರಲ್ಲಿ ಸುಪ್ರೀಂ ಕೋರ್ಟಿನ ಆರು ನ್ಯಾಯಾಧೀಶರು ಪತ್ರಿಕೆಯ ಪರ, ಮೂವರು ವಿರುದ್ಧ. ಪತ್ರಿಕೆ ಯಾವ ಬಗೆಯ ಸೇವೆ ಕೊಡಬೇಕೆಂಬುದನ್ನು ಈ ಕಾನೂನು ನಿರ್ದೇಶಿಸಲಾರದು ಎಂದು ಬಹುಮತದ ತೀರ್ಪು. ಎರಡು ಸಾಲಿನ ಜಾಹೀರಾತು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗುವಂತಾದದ್ದೇ ಆ ಎರಡು ಪದಗಳ ಬಲ.

ಇದನ್ನು ಕೇಳುವಾಗ ನಮ್ಮ ವ್ಯವಸ್ಥೆ ನೆನಪಾಗದೆ ಇರದು. ನಮ್ಮ 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯಡಿ ರಾಜ್ಯ ಆಯೋಗ ನೋಡುವುದು ಮುಖ್ಯವಾಗಿ ಸರ್ಕಾರಿ ನೌಕರರ ತಪ್ಪು ಮತ್ತು ನಿರ್ಲಕ್ಷ್ಯವನ್ನು. ಅದೂ ಘಟನೆ ನಡೆದ ಒಂದು ವರ್ಷದೊಳಗಿನದನ್ನು. ಕೊನೆಗೆ ಅದು ಮಾಡುವುದು ಶಿಫಾರಸು. ಕೆನಡಾದ ಪ್ರಾಂತೀಯ ಸಂಹಿತೆಗಳು ಕೈಹಾಕುವುದು ಖಾಸಗಿ ಮನೆ ಮಾಲೀಕರು, ಹೋಟೆಲಿನವರು, ಕಾರ್ಖಾನೆಯವರ ಮೇಲೆ. ‘ಮಾನವ ಹಕ್ಕು ಆಯೋಗ’ ಎಂಬ ಒಂದೇ ಹೆಸರು ಕೇಳಿ ಎರಡೂ ಒಂದೇ ಅಂದುಕೊಂಡರೆ ಬ್ರೌನ್ ಅವರ ಹೋರಾಟ ಅರ್ಥವಾಗುವುದಿಲ್ಲ.

1975ಕ್ಕೆ ಬರೋಣ. ಆ ವರ್ಷ ಜುಲೈನಲ್ಲಿ ವಿನಿಪೆಗ್ ನಗರದಲ್ಲಿ ಎನ್‌ಡಿಪಿಯ ರಾಷ್ಟ್ರೀಯ ನಾಯಕತ್ವದ ಸಮಾವೇಶ. ಮೂರು ವರ್ಷದ ಅನುಭವವಿದ್ದ ಪ್ರಾಂತೀಯ ಶಾಸಕಿ, ಮಂತ್ರಿಯೂ ಆಗಿರದವರು, ಸಂಸತ್ತಿನ ಮುಖ ಕಾಣದವರು ಕಣಕ್ಕಿಳಿದರು. ‘ಬ್ರೌನ್ ಈಸ್ ಬ್ಯೂಟಿಫುಲ್’ ಎಂಬುದು ಬೆಂಬಲಿಗರ ಘೋಷಣೆ. ಹೆಸರೂ ಬಣ್ಣವೂ ಒಂದೇ ಪದದಲ್ಲಿ ಕೂಡಿದ ಶ್ಲೇಷೆ. ಪ್ರತಿನಿಧಿಗಳು ಮತ ಹಾಕುತ್ತಾರೆ, ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವರು ಹೊರಗೆ, ಮತ್ತೆ ಮತದಾನ. ಮೊದಲ ಸುತ್ತಿನಲ್ಲಿ ಎಡ್ ಬ್ರಾಡ್‌ಬೆಂಟ್ 536, ಬ್ರೌನ್ 413. ನಾಲ್ಕನೆಯ ಸುತ್ತಿಗೆ ಇಬ್ಬರೇ ಉಳಿದರು: ಬ್ರಾಡ್‌ಬೆಂಟ್ 948, ಬ್ರೌನ್ 658. ಸುತ್ತಿನಿಂದ ಸುತ್ತಿಗೆ ಬ್ರೌನ್ ಅವರಿಗೆ ಕೂಡಿಕೊಂಡದ್ದು 245, ಎದುರಾಳಿಗೆ 412. ಅಂದರೆ ಅವರನ್ನು ಮೊದಲ ಆಯ್ಕೆ ಮಾಡಿದವರು ಬಹಳ, ಎರಡನೆಯ ಆಯ್ಕೆ ಮಾಡಿದವರು ಕಡಿಮೆ. ಸುತ್ತುಗಳ ಚುನಾವಣೆಯಲ್ಲಿ ಸೋಲಿಸುವುದು ಇದೇ. ಗಟ್ಟಿಯಾಗಿ ಮಾತಾಡುವವರಿಗೆ ಕಟ್ಟಾ ಬೆಂಬಲಿಗರು ಸಿಗುತ್ತಾರೆ, ‘ಇವರಾದರೂ ಆಗಬಹುದು’ ಎನ್ನುವವರು ಸಿಗುವುದಿಲ್ಲ. ಕೆನಡಾದಲ್ಲಿ ಕಪ್ಪು ಮಹಿಳೆಯೊಬ್ಬರು ರಾಷ್ಟ್ರೀಯ ಪಕ್ಷವೊಂದರ ಚುನಾಯಿತ ನಾಯಕಿಯಾದದ್ದು 2020ರಲ್ಲಿ, ಗ್ರೀನ್ ಪಕ್ಷದಲ್ಲಿ.

ಅದೇ 1975ರ ಡಿಸೆಂಬರಿನಲ್ಲಿ ಬ್ಯಾರೆಟ್ ಸರ್ಕಾರ ಬಿತ್ತು. ಎನ್‌ಡಿಪಿ 18ಕ್ಕೆ ಇಳಿಯಿತು, ಪ್ರೀಮಿಯರ್ ಸ್ವತಃ ಸೋತರು. ಗೆದ್ದ ಬ್ರೌನ್ ಅವರನ್ನು ಮುಂದೆ ಕ್ಷೇತ್ರ ಪುನರ್ವಿಂಗಡಣೆ ಹುಡುಕಿಕೊಂಡು ಬಂತು. 1978ರ ಎಕಾರ್ಟ್ ಆಯೋಗದ ವರದಿ ವ್ಯಾಂಕೂವರ್-ಬರಾರ್ಡ್ ಕ್ಷೇತ್ರವನ್ನೇ ನಕ್ಷೆಯಿಂದ ಅಳಿಸಿತು. ಇದೇ ವರದಿಯಲ್ಲಿ ಆಡಳಿತ ಪಕ್ಷದ ಮಂತ್ರಿ ಗ್ರೇಸ್ ಮೆಕಾರ್ಥಿ ಅವರ ಕ್ಷೇತ್ರಕ್ಕೆ ಅನುಕೂಲದ ಬೀದಿಗಳನ್ನು ಸೇರಿಸಲು ಬೆರಳಿನಂತೆ ಚಾಚಿಕೊಂಡ ಒಂದು ಪಟ್ಟಿ ಇತ್ತು. ಜನ ಅದಕ್ಕೆ ‘ಗ್ರೇಸಿಯ ಬೆರಳು’ ಎಂದು ಹೆಸರಿಟ್ಟರು. ಬ್ರೌನ್ ಪಕ್ಕದ ಬರ್ನಬಿ-ಎಡ್ಮಂಡ್ಸ್‌ಗೆ ಹೋಗಿ 1979ರಲ್ಲಿ ಮತ್ತೆ ಗೆದ್ದರು, 1986ರವರೆಗೆ ಅಲ್ಲೇ ಉಳಿದರು.

ವಿರೋಧ ಪಕ್ಷದ ದಿನಗಳಲ್ಲಿ ನೆನಪಿಡಬೇಕಾದದ್ದು 1983. ಜುಲೈ 7ರಂದು ಸೋಷಿಯಲ್ ಕ್ರೆಡಿಟ್ ಪಕ್ಷದ ಬಿಲ್ ಬೆನೆಟ್ ಸರ್ಕಾರ ಬಜೆಟ್ಟಿನ ಜೊತೆಗೆ ‘ಮಿತವ್ಯಯ’ದ ಹೆಸರಿನಲ್ಲಿ 26 ಮಸೂದೆಗಳನ್ನು ಒಂದೇ ದಿನ ತಂದು ಸುರಿಯಿತು. ಬಾಡಿಗೆ ನಿಯಂತ್ರಣ, ಸರ್ಕಾರಿ ನೌಕರರ ರಕ್ಷಣೆ ಎಲ್ಲದರ ಮೇಲೂ ಗರಗಸ. ಅದರಲ್ಲಿ 27 ಎಂಬ ಸಂಖ್ಯೆ ಹೊತ್ತ ಮಸೂದೆ ಮಾನವ ಹಕ್ಕು ಸಂಹಿತೆಯನ್ನು ರದ್ದುಮಾಡುವಂಥದ್ದು. ಮಸೂದೆ ಇನ್ನೂ ಸದನದ ಮುಂದಿದೆ, ಕಾನೂನಾಗಿಲ್ಲ. ಅಷ್ಟರಲ್ಲೇ ಮಾನವ ಹಕ್ಕು ವಿಭಾಗದ ಅಧಿಕಾರಿಗಳನ್ನು ಕೆಲಸದಿಂದ ತೆಗೆದರು. ಕಾನೂನು ಪುಸ್ತಕದಲ್ಲಿ ಹಾಗೇ ಇತ್ತು, ದೂರು ಬರೆದುಕೊಳ್ಳುವವರು ಇರಲಿಲ್ಲ. ಹಕ್ಕನ್ನು ಕೊಲ್ಲಲು ಹಕ್ಕಿನ ಕಲಮನ್ನು ಮುಟ್ಟಬೇಕಿಲ್ಲ, ಗುಮಾಸ್ತರನ್ನು ಮನೆಗೆ ಕಳಿಸಿದರೆ ಸಾಕು ಎಂಬುದು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಬೀದಿಯಲ್ಲಿ ‘ಸಾಲಿಡಾರಿಟಿ’ ಚಳವಳಿ ಎದ್ದಿತು. ಕಾರ್ಮಿಕ ಸಂಘಗಳು, ಮಹಿಳಾ ಸಂಘಟನೆಗಳು, ಬಾಡಿಗೆದಾರರು, ಚರ್ಚಿನವರು ಒಂದಾದರು. ಆಗಸ್ಟ್ 10ರಂದು ಎಂಪೈರ್ ಕ್ರೀಡಾಂಗಣದಲ್ಲಿ ಸುಮಾರು 40,000 ಜನ. ಸದನದಲ್ಲಿ ಅಹೋರಾತ್ರಿ ಕಲಾಪ, ಚರ್ಚೆಗೆ ಕತ್ತರಿ ಹಾಕುವ ನಿಲುವಳಿಗಳು. ಅಕ್ಟೋಬರಿನ ಒಂದು ನಡುರಾತ್ರಿ ವಿರೋಧ ಪಕ್ಷದ ನಾಯಕ ಬ್ಯಾರೆಟ್ ಅವರನ್ನು ಸಿಬ್ಬಂದಿ ಎಳೆದು ಹೊರಹಾಕಿದರು. ನವೆಂಬರ್ 13ರಂದು ಕಾರ್ಮಿಕ ಮುಖಂಡ ಜ್ಯಾಕ್ ಮನ್ರೊ ಕೆಲೋನಾದಲ್ಲಿ ಪ್ರೀಮಿಯರ್ ಜೊತೆ ಒಪ್ಪಂದ ಮಾಡಿಕೊಂಡರು. ಅಷ್ಟರಲ್ಲಿ ಶುರುವಾಗಿದ್ದ ಮುಷ್ಕರ ನಿಂತಿತು. ಕಾರ್ಮಿಕ ಸಂಘಗಳಿಗೆ ಒಂದಿಷ್ಟು ಸಿಕ್ಕಿತು. ಬಾಡಿಗೆದಾರರಿಗೂ ಮಾನವ ಹಕ್ಕಿನವರಿಗೂ ಸಿಕ್ಕಿದ್ದು ‘ಸಮಾಲೋಚನೆ ಮಾಡುತ್ತೇವೆ’ ಎಂಬ ಮಾತು. 27ನೆಯ ಮಸೂದೆ ಸತ್ತಿತು, ಮರುವರ್ಷ 11ನೆಯ ಸಂಖ್ಯೆಯ ಮಸೂದೆಯಾಗಿ ಹುಟ್ಟಿ ಬಂದು ಕಾನೂನಾಯಿತು. ‘ಸಮಂಜಸ ಕಾರಣ’ ಹೋಯಿತು. ಪ್ರತ್ಯೇಕ ವಿಭಾಗ ಹೋಗಿ ಚಿಕ್ಕ ಮಂಡಳಿ ಬಂತು, ತನಿಖೆ ಕಾರ್ಮಿಕ ಇಲಾಖೆಯ ಅಧಿಕಾರಿಗಳ ಹೆಗಲೇರಿತು, ಜನರಿಗೆ ತಿಳಿವಳಿಕೆ ಕೊಡುವ ಕೆಲಸ ನಿಂತಿತು. ಅವಮಾನಕ್ಕೆ ಕೊಡುವ ಪರಿಹಾರದ ಮಿತಿ 2,000 ಡಾಲರ್‌ಗೆ ಇಳಿಯಿತು. ನನ್ನ ಅಭಿಪ್ರಾಯದಲ್ಲಿ ಚಳವಳಿಗೆ ಆದ ಮೋಸವೆಂದರೆ ಇದೇ. ಎಲ್ಲರೂ ಕೂಡಿ ಕೂಗಿದರು, ಚೌಕಾಶಿಗೆ ಕೂತಾಗ ಒಬ್ಬರೇ ಕೂತರು.

1986ರಲ್ಲಿ ಬ್ರೌನ್ ಶಾಸನಸಭೆ ಬಿಟ್ಟರು. ಅದೇ ವರ್ಷದ ಚುನಾವಣೆಯಲ್ಲಿ ಅದೇ ಪಕ್ಷದಿಂದ ಮೋ ಸಿಹೋಟ ಗೆದ್ದು ಆ ಸದನದ ಮೊದಲ ಭಾರತೀಯ ಮೂಲದ ಶಾಸಕರಾದರು. ಬ್ರೌನ್ ಮುಂದೆ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ಕಲಿಸಿದರು, ಬಡ ದೇಶಗಳ ಮಹಿಳಾ ಗುಂಪುಗಳಿಗೆ ನೆರವಾಗುವ ಮ್ಯಾಚ್ ಇಂಟರ್‌ನ್ಯಾಷನಲ್ ಸಂಸ್ಥೆ ನಡೆಸಿದರು.

1993ರಲ್ಲಿ ಮೇಜಿನ ಆಚೆ ಬದಿಗೆ ಬಂದರು: ಒಂಟಾರಿಯೊ ಮಾನವ ಹಕ್ಕು ಆಯೋಗದ ಮುಖ್ಯ ಆಯುಕ್ತೆ. ಕೆನಡಾದ ಅತಿ ಹಳೆಯ ಪ್ರಾಂತೀಯ ಆಯೋಗ, 1961ರದು. ಇಲ್ಲಿ ಕಾಯಿಲೆ ಬೇರೆ ಥರದ್ದು. ಅಧಿಕಾರಿಗಳಿದ್ದರು, ಕಾನೂನಿತ್ತು, ಕಡತಗಳು ಗುಡ್ಡೆ ಬಿದ್ದಿದ್ದವು. ಕಾರಣ ವ್ಯವಸ್ಥೆಯ ರಚನೆಯಲ್ಲೇ ಇತ್ತು. ಯಾವ ದೂರೇ ಆಗಲಿ ಆಯೋಗದ ಬಾಗಿಲಿನಿಂದಲೇ ಒಳಗೆ ಬರಬೇಕು. ಘಟನೆ ನಡೆದ ಆರು ತಿಂಗಳೊಳಗೆ ಅರ್ಜಿ, ಆಮೇಲೆ ತನಿಖೆ, ರಾಜಿ ಯತ್ನ, ಆಮೇಲೆ ವಿಚಾರಣಾ ಮಂಡಳಿಗೆ ಕಳಿಸಬೇಕೋ ಬೇಡವೋ ಎಂಬ ಆಯೋಗದ ನಿರ್ಧಾರ. ಮಂಡಳಿಯವರೆಗೆ ಮುಟ್ಟುತ್ತಿದ್ದದ್ದು ಸಣ್ಣ ಪಾಲು. ವರ್ಷಗಟ್ಟಲೆ ಕಾಯುವಷ್ಟರಲ್ಲಿ ಸಾಕ್ಷಿಗಳು ಊರು ಬಿಟ್ಟಿರುತ್ತಾರೆ, ಕಂಪನಿ ಮುಚ್ಚಿರುತ್ತದೆ, ದೂರುದಾರರು ಬೇಸತ್ತು ಸಿಕ್ಕಷ್ಟಕ್ಕೆ ರಾಜಿಯಾಗಿರುತ್ತಾರೆ. 1992ರಲ್ಲೇ ಮೇರಿ ಕಾರ್ನಿಶ್ ನೇತೃತ್ವದ ಕಾರ್ಯಪಡೆ, ಜನ ನೇರವಾಗಿ ನ್ಯಾಯಮಂಡಳಿಗೆ ಹೋಗುವಂತಾಗಲಿ ಎಂದು ಹೇಳಿತ್ತು. ಅದು ಜಾರಿಯಾದದ್ದು 2008ರಲ್ಲಿ. ಬ್ರೌನ್ ಇದ್ದದ್ದು 1996ರವರೆಗೆ, ಆ ಎರಡರ ನಡುವೆ. 1995ರಲ್ಲಿ ಸರ್ಕಾರವೂ ಬದಲಾಯಿತು.

ನೇರ ದಾರಿ ಒಳ್ಳೆಯದೇ? ಪೂರ್ತಿ ಹೌದೆನ್ನಲಾರೆ. ಆಯೋಗದ ಬಾಗಿಲಲ್ಲಿ ಕಾಯುವುದು ತಪ್ಪುತ್ತದೆ, ಆದರೆ ಸಾಕ್ಷಿ ಕಲೆಹಾಕುವ ಕೆಲಸ ದೂರುದಾರರ ತಲೆಗೆ ಬೀಳುತ್ತದೆ. ಒಂಟಾರಿಯೊ ಅದಕ್ಕಾಗಿ ಕಾನೂನು ನೆರವಿನ ಕೇಂದ್ರವನ್ನೂ ಜೊತೆಗೇ ತೆರೆಯಿತು, ಆಯೋಗವನ್ನೂ ಉಳಿಸಿಕೊಂಡಿತು. ಬ್ರಿಟಿಷ್ ಕೊಲಂಬಿಯಾ ಆಯೋಗವನ್ನೇ ಕಿತ್ತುಹಾಕಿತು. 1997ರಲ್ಲಿ ಮರಳಿ ಬಂದಿದ್ದ ಆಯೋಗ 2003ರ ಮಾರ್ಚ್ 31ಕ್ಕೆ ಮುಚ್ಚಿತು. ಏಪ್ರಿಲ್ 26ರಂದು ವ್ಯಾಂಕೂವರ್‌ನಲ್ಲಿ ರೋಸ್‌ಮರಿ ಬ್ರೌನ್ ತೀರಿಕೊಂಡರು. 2018ರಲ್ಲಿ ಮತ್ತೆ ಕಾನೂನು ತಿದ್ದಿ, ಮರುವರ್ಷ ಸ್ವತಂತ್ರ ಆಯುಕ್ತರು ಬಂದರು, ದೂರು ಕೊಡುವ ಅವಧಿ ಆರು ತಿಂಗಳಿಂದ ಒಂದು ವರ್ಷಕ್ಕೆ ಏರಿತು. ಒಂಟಾರಿಯೊದಲ್ಲೂ ಈಗ ಒಂದು ವರ್ಷ. ಬ್ರ್ಯಾಂಪ್ಟನ್, ಮಿಸ್ಸಿಸಾಗದಲ್ಲಿ ಬಾಡಿಗೆ ಮನೆಯಲ್ಲಿರುವ ನಮ್ಮ ಕನ್ನಡದ ಹುಡುಗರು ಈ ಅವಧಿಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು; ಬಾಗಿಲು ಹಾಕಿಸಿಕೊಂಡ ದಿನಾಂಕ, ಜಾಹೀರಾತಿನ ಚಿತ್ರ, ಫೋನ್ ಸಂದೇಶ ಜೋಪಾನ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು.

2023ರಲ್ಲಿ ಬ್ರಿಟಿಷ್ ಕೊಲಂಬಿಯಾದ ಮಾನವ ಹಕ್ಕು ನ್ಯಾಯಮಂಡಳಿಯ ಮುಂದೆ ಭಾರತೀಯ ಮೂಲದವರ ನಡುವಿನ ಒಂದು ಪ್ರಕರಣ ತೀರ್ಮಾನವಾಯಿತು. ಜಾತಿ ಹಿಡಿದು ಬೈದದ್ದು ದೂರು. ಅಲ್ಲಿನ ಸಂಹಿತೆಯ ಪಟ್ಟಿಯಲ್ಲಿ ಜಾತಿ ಎಂಬ ಪದವೇ ಇಲ್ಲ. ನ್ಯಾಯಮಂಡಳಿ ವಂಶ, ಮೂಲಸ್ಥಳ, ಜನಾಂಗ ಮುಂತಾದ ಪಟ್ಟಿಯ ಪದಗಳೊಳಗೆ ಜಾತಿಯನ್ನು ಕೂರಿಸಿ, ಇದು ತಾರತಮ್ಯವೇ ಎಂದು ಹೇಳಿ ಪರಿಹಾರ ಕೊಡಿಸಿತು. ಅದೇ ವರ್ಷ ಒಂಟಾರಿಯೊ ಆಯೋಗವೂ ಜಾತಿ ತಾರತಮ್ಯದ ಬಗ್ಗೆ ತನ್ನ ನಿಲುವು ಪ್ರಕಟಿಸಿತು. ಸೇವೆಯ ವಿಷಯದಲ್ಲಾಗಲಿ ಕೆಲಸದ ವಿಷಯದಲ್ಲಾಗಲಿ, 1973ರ ಕಾನೂನಿನಡಿ ಹೀಗೆ ಪದ ಹುಡುಕಿ ಕೂರಿಸುವ ತೊಂದರೆಯೇ ಇರುತ್ತಿರಲಿಲ್ಲ. ಕಾರಣ ಹೇಳಿ ಎಂದರೆ ಮುಗಿಯುತ್ತಿತ್ತು. 1984ರಲ್ಲಿ ತೆಗೆದ ಆ ಎರಡು ಪದಗಳು ಬ್ರಿಟಿಷ್ ಕೊಲಂಬಿಯಾದ ಕಾನೂನಿಗೆ ಇವತ್ತಿಗೂ ವಾಪಸು ಬಂದಿಲ್ಲ.